ಓದುಗರ ಪ್ರಶ್ನೆಗೆ ಉತ್ತರ: ಕಾರ್ಖಾನೆಯ ಶಿಫ್ಟು, ಊರಿನ ಬಸ್ಸು, ಕಾಲೇಜಿನ ವೇಳಾಪಟ್ಟಿ

ಪ್ರಶ್ನೆ: ಮಂಡ್ಯ ಜಿಲ್ಲೆಯ ಒಂದು ಸಮುದಾಯ ಕಾಲೇಜಿಗೆ ಸಂಯೋಜಕಿಯಾಗಿ ಸೇರಿ ಒಂದು ವರ್ಷವಾಯಿತು. ಹಗಲಿನಲ್ಲಿ ಕಾರ್ಖಾನೆಗಳಿಗೆ ಬೇಕಾದ ಹೊಲಿಗೆ ಯಂತ್ರದ ತರಬೇತಿ ಮತ್ತು ವೈರಿಂಗ್ ತರಬೇತಿ ನಡೆಯುತ್ತವೆ. ಸಂಜೆ ಸುತ್ತಲಿನ ಊರುಗಳ ಹೆಂಗಸರಿಗೆ ಓದು ಬರಹ, ಲೆಕ್ಕ ಮತ್ತು ಮೊಬೈಲ್ ಬಳಕೆಯ ತರಗತಿಗಳಿವೆ. ಇರುವುದು ಎರಡು ಕೊಠಡಿ, ಮೂವರು ಬೋಧಕರು. ಕೆಲಸ ಕೊಡಿಸುವ ತರಬೇತಿಗೆ ಮಾತ್ರ ಗಮನ ಕೊಟ್ಟು ಸಂಜೆಯ ತರಗತಿಯನ್ನು ನಿಲ್ಲಿಸೋಣ ಎಂಬ ಮಾತು ಆಡಳಿತ ಮಂಡಳಿಯಲ್ಲಿ ಕೇಳಿಬರುತ್ತಿದೆ. ಆದರೆ ಹಗಲಿನ ಬ್ಯಾಚೂ ತುಂಬುತ್ತಿಲ್ಲ. ಮೂವತ್ತು ಜನ ಸೇರಿದರೆ ಕೊನೆಯಲ್ಲಿ ಹದಿನೆಂಟು ಜನ ಉಳಿಯುತ್ತಾರೆ. ನಾನು ಯಾವುದನ್ನು ಉಳಿಸಿಕೊಳ್ಳಲಿ?
— ಒಬ್ಬ ಸಂಯೋಜಕಿ, ಮಂಡ್ಯ

ಉತ್ತರ: ಎರಡನ್ನೂ ಉಳಿಸಿಕೊಳ್ಳಿ. ಸಂಜೆಯ ತರಗತಿಯನ್ನು ನಿಲ್ಲಿಸಿದರೆ ಹಗಲಿನ ಬ್ಯಾಚು ಇನ್ನೂ ಸೊರಗುತ್ತದೆ ಎಂಬುದು ಮೈಸೂರಿನಲ್ಲಿ ಇದೇ ಕೆಲಸವನ್ನು ಹಲವು ವರ್ಷ ಮಾಡಿದ ನನ್ನ ಖಚಿತ ಅಭಿಪ್ರಾಯ. ನಮ್ಮಲ್ಲಿ ಹಗಲಿನ ತರಬೇತಿಗೆ ಬರುತ್ತಿದ್ದ ಹುಡುಗಿಯರಲ್ಲಿ ಬಹುಪಾಲು ಜನರನ್ನು ಕರೆತಂದದ್ದು ಕರಪತ್ರವಲ್ಲ, ಸಂಜೆ ತರಗತಿಗೆ ಬರುತ್ತಿದ್ದ ಅವರ ತಾಯಿಯೋ ಚಿಕ್ಕಮ್ಮನೋ ಅತ್ತಿಗೆಯೋ ಆಗಿದ್ದರು. ಕಾಲೇಜಿನ ಗೇಟಿನ ಒಳಗೆ ತಾವೇ ನಾಲ್ಕು ತಿಂಗಳು ಓಡಾಡಿ, ಅಲ್ಲಿನ ಬೋಧಕರ ನಡೆನುಡಿಯನ್ನು ಕಣ್ಣಾರೆ ಕಂಡ ತಾಯಿ ತನ್ನ ಮಗಳನ್ನು ಧೈರ್ಯವಾಗಿ ಕಳಿಸುತ್ತಾಳೆ. ಆ ಧೈರ್ಯವನ್ನು ಯಾವ ಪ್ರಚಾರವೂ ತಂದುಕೊಡುವುದಿಲ್ಲ.

ಇನ್ನು ಮೂವತ್ತು ಹದಿನೆಂಟಾಗುವ ವಿಚಾರ. ಬಿಟ್ಟವರು ಎಷ್ಟು ಎಂದು ಎಣಿಸುವುದಕ್ಕಿಂತ ಯಾವ ವಾರದಲ್ಲಿ ಬಿಟ್ಟರು ಎಂದು ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ನೋಡಿ. ನಮ್ಮ ಮೊದಲ ಹೊಲಿಗೆ ಬ್ಯಾಚನ್ನು ನಾನು ಜುಲೈ ಮೊದಲ ವಾರದಲ್ಲಿ ಆರಂಭಿಸಿದ್ದೆ, ಏಕೆಂದರೆ ಕಾಲೇಜಿನ ವರ್ಷ ಆಗ ಶುರುವಾಗುತ್ತಿತ್ತು. ಮೂರನೆಯ ವಾರ ಮುಗಿಯುವ ಹೊತ್ತಿಗೆ ಅರ್ಧ ಕೊಠಡಿ ಖಾಲಿ. ವರದಿಯಲ್ಲಿ ನಾನು ‘ಅಭ್ಯರ್ಥಿಗಳ ನಿರಾಸಕ್ತಿ’ ಎಂದು ಬರೆದೆ. ಆ ಎರಡು ಪದಗಳಿಗಾಗಿ ಇಂದಿಗೂ ನನಗೆ ಸಂಕಟವಾಗುತ್ತದೆ. ಬಿಟ್ಟವರ ಮನೆಗೆ ಹೋದಾಗ ಒಬ್ಬ ತಾಯಿ ಹೇಳಿದರು: “ನಾಲೆಗೆ ನೀರು ಬಿಟ್ಟವ್ರೆ ಸಾ, ನಾಟಿ ಹೊತ್ತಲ್ಲಿ ಕರೆದ್ರೆ ಯಾರು ಬತ್ತಾರೆ? ಈ ಕೂಲೀಲೇ ಮಕ್ಕಳ ಇಸ್ಕೂಲ್ ಫೀಸು ಕಟ್ಬೇಕು.” ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತದ ನಾಟಿ ಯಾವಾಗ, ಕಬ್ಬು ಕಡಿಯುವುದು ಯಾವಾಗ, ಒಕ್ಕಣೆ ಯಾವಾಗ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲು ಗುರುತು ಮಾಡಿ, ಉಳಿದ ಜಾಗದಲ್ಲಿ ಬ್ಯಾಚನ್ನು ಇಡಿ. ದಸರಾ, ಊರಹಬ್ಬ, ನಂಜನಗೂಡಿನ ದೊಡ್ಡ ಜಾತ್ರೆಗಳೂ ಅದೇ ಕ್ಯಾಲೆಂಡರಿಗೆ ಬರಲಿ. ಮುಂದಿನ ವರ್ಷ ನಾವು ನಾಟಿ ಮುಗಿದ ಮೇಲೆ ಆರಂಭಿಸಿದೆವು. ಬೋಧಕರು ಅವರೇ, ಪಠ್ಯ ಅದೇ, ಆದರೆ ಬಿಟ್ಟವರು ಇಬ್ಬರು ಮಾತ್ರ.

ಎರಡನೆಯದು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚು ತಪ್ಪಿತು, ಅದು ನಮ್ಮಂಥ ಕಾಲೇಜುಗಳಿಗೆ ಆದ ದೊಡ್ಡ ಉಪಕಾರ. ಆದರೆ ಬಸ್ಸಿನ ಸಮಯ ಬದಲಾಗಲಿಲ್ಲ. ನಮ್ಮ ತರಗತಿ ಬಿಡುತ್ತಿದ್ದದ್ದು ಸಂಜೆ 5.30ಕ್ಕೆ, ಊರಿನ ಕಡೆಯ ಬಸ್ಸು ಗೇಟು ದಾಟುತ್ತಿದ್ದದ್ದು 5.20ಕ್ಕೆ. ಐದು ಗಂಟೆಯಾಗುತ್ತಲೇ ಹುಡುಗಿಯರು ಚೀಲ ಸರಿಮಾಡಿಕೊಳ್ಳುತ್ತಿದ್ದರು, ಬೋಧಕರು ಬೇಸರಪಡುತ್ತಿದ್ದರು, ಮುಖ್ಯವಾದ ಅಭ್ಯಾಸವೆಲ್ಲ ಆ ಕೊನೆಯ ಅರ್ಧ ಗಂಟೆಯಲ್ಲೇ ಕಳೆದುಹೋಗುತ್ತಿತ್ತು. ತರಗತಿಯನ್ನು ಬೆಳಗ್ಗೆ ಅರ್ಧ ಗಂಟೆ ಮುಂಚೆ ಆರಂಭಿಸಿದ್ದಷ್ಟೇ ನಾವು ಮಾಡಿದ ಬದಲಾವಣೆ.

ಮೂರನೆಯದು ಪಠ್ಯಕ್ಕೆ ಸಂಬಂಧಿಸಿದ್ದು, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮನೆಯಲ್ಲಿ ಕಾಲಿನಿಂದ ತುಳಿಯುವ ಯಂತ್ರದಲ್ಲಿ ರವಿಕೆ ಹೊಲಿಯಲು ಬಲ್ಲವಳು ಗಾರ್ಮೆಂಟ್ಸಿಗೆ ಸಿದ್ಧಳಾಗಿದ್ದಾಳೆ ಎಂದು ನಾವು ಮೊದಲು ಭಾವಿಸಿದ್ದೆವು. ಒಮ್ಮೆ ಹುಡುಗಿಯರನ್ನು ಕಾರ್ಖಾನೆಯೊಂದಕ್ಕೆ ಕರೆದೊಯ್ದಾಗ, ನಮ್ಮ ಬ್ಯಾಚಿನಲ್ಲೇ ಅತಿ ಚೆನ್ನಾಗಿ ಹೊಲಿಯುತ್ತಿದ್ದವಳು ಜೂಕಿ ಎಂಬ ಮೋಟಾರು ಹೊಲಿಗೆ ಮೆಷಿನ್ನಿನ ಪೆಡಲಿನ ಮೇಲೆ ಕಾಲಿಟ್ಟ ಕೂಡಲೇ ಬಟ್ಟೆ ಸರ್ರನೆ ಮುಂದಕ್ಕೆ ಓಡಿ, ದಾರ ಹರಿದು, ಅವಳು ಬೆಚ್ಚಿ ಎರಡೂ ಕೈಗಳನ್ನು ಎದೆಗೆ ಎಳೆದುಕೊಂಡಳು. ಮನೆಯ ಯಂತ್ರದಲ್ಲಿ ವೇಗವನ್ನು ಹುಟ್ಟಿಸುವುದು ಕಾಲು. ಇಲ್ಲಿ ಮೋಟಾರು ಹುಟ್ಟಿಸುವ ವೇಗವನ್ನು ಕಾಲು ತಡೆದು ಹಿಡಿಯಬೇಕು. ಅಲ್ಲಿನ ಲೈನ್ ಸೂಪರ್‌ವೈಸರ್ ಆಗಿದ್ದ ಹೆಣ್ಣುಮಗಳೇ ನಮಗೆ ದಾರಿ ತೋರಿಸಿದರು. ಕಾಗದದ ಮೇಲೆ ನೇರ ಗೆರೆ, ಮೂಲೆ, ಸುರುಳಿಗಳನ್ನು ಬರೆದು, ಸೂಜಿಗೆ ದಾರವನ್ನೇ ಪೋಣಿಸದೆ ಆ ಗೆರೆಗಳ ಮೇಲೆ ತೂತು ಬೀಳುವಂತೆ ಓಡಿಸುವ ಅಭ್ಯಾಸ ಅದು. ಕಾಗದವನ್ನು ಬೆಳಕಿಗೆ ಹಿಡಿದರೆ ತೂತುಗಳು ಗೆರೆ ಬಿಟ್ಟು ಎಲ್ಲಿ ಸರಿದಿವೆ ಎಂಬುದು ಕಲಿಯುವವಳಿಗೇ ಕಾಣುತ್ತದೆ. ಕಾರ್ಖಾನೆಯವರನ್ನು ಕಾಲೇಜಿನ ಸಭೆಗೆ ಕರೆದು ನಿಮಗೆ ಏನು ಬೇಕು ಎಂದು ಕೇಳಿದ್ದರೆ ಈ ಸಂಗತಿ ಎಂದೂ ಹೊರಬರುತ್ತಿರಲಿಲ್ಲ. ಆದ್ದರಿಂದ ನಿಮ್ಮ ಬೋಧಕರು ವರ್ಷಕ್ಕೆ ಕನಿಷ್ಠ ಒಂದು ವಾರ ತೂಬಿನಕೆರೆಯಲ್ಲೋ ಸೋಮನಹಳ್ಳಿಯಲ್ಲೋ ಇರುವ ಘಟಕಗಳ ಒಳಗೆ ಕಳೆಯುವಂತೆ ಏರ್ಪಾಡು ಮಾಡಿ. ಆ ವಾರದಲ್ಲಿ ತರಗತಿ ನಡೆಯದಿದ್ದರೂ ನಷ್ಟವಿಲ್ಲ.

ಆಡಳಿತ ಮಂಡಳಿಯವರಿಗೆ ಹೇಳಲು ನಿಮ್ಮ ಬಳಿ ಗಟ್ಟಿಯಾದ ಮಾತುಗಳಿವೆ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಸಾಕ್ಷರತೆ ಶೇಕಡಾ 70.40, ಮೈಸೂರು ಜಿಲ್ಲೆಯದು 72.79, ರಾಜ್ಯದ ಸರಾಸರಿ 75.36. ಅಂದರೆ ಸಂಜೆಯ ತರಗತಿಗೆ ಬರಬೇಕಾದವರು ನಮ್ಮ ಊರುಗಳಲ್ಲಿ ಇದ್ದೇ ಇದ್ದಾರೆ. ಉಲ್ಲಾಸ್ ಎಂಬ ಹೆಸರಿನಲ್ಲಿ ನಡೆಯುತ್ತಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮವು ಅಕ್ಷರ ಮತ್ತು ಲೆಕ್ಕದ ಜೊತೆಗೆ ಜೀವನ ಕೌಶಲ, ವೃತ್ತಿ ಕೌಶಲ, ಮೂಲ ಶಿಕ್ಷಣ, ಮುಂದುವರಿದ ಶಿಕ್ಷಣ ಎಲ್ಲವನ್ನೂ ಒಂದೇ ಕಾರ್ಯಕ್ರಮದೊಳಗೆ ಇಟ್ಟಿದೆ. ಸರ್ಕಾರವೇ ಒಟ್ಟಿಗೆ ಇಟ್ಟಿರುವುದನ್ನು ಒಂದು ಕಾಲೇಜು ಬೇರೆ ಮಾಡುವುದರಲ್ಲಿ ಅರ್ಥವಿಲ್ಲ. ನಮ್ಮ ಸೀಮೆಗೆ ಇದು ಹೊಸದೂ ಅಲ್ಲ: ಮೈಸೂರಿನಲ್ಲಿ 1940ರ ದಶಕದಲ್ಲೇ ವಯಸ್ಕರ ಶಿಕ್ಷಣಕ್ಕೆ ಒಂದು ಸಮಿತಿ ಹುಟ್ಟಿ, ನಂಜನಗೂಡಿನ ವಿದ್ಯಾಪೀಠದಲ್ಲಿ ಹಳ್ಳಿಯ ತರುಣರಿಗೆ ಶಿಕ್ಷಣ ಕೊಟ್ಟ ಪರಂಪರೆ ಇಲ್ಲಿದೆ.

ಕೊಠಡಿಯ ಜಗಳಕ್ಕೆ ಒಂದು ಉಪಾಯ. ಎರಡೂ ತರಗತಿಗಳಿಗೆ ಒಂದೇ ಪಾಠವನ್ನು ವಾರಕ್ಕೊಮ್ಮೆ ಒಟ್ಟಿಗೆ ಇಡಿ, ಅದು ಸಂಬಳದ ಚೀಟಿಯ ಪಾಠವಾಗಿರಲಿ. ಮೂಲ ವೇತನ, ತುಟ್ಟಿಭತ್ಯೆ, ಪಿಎಫ್‌ಗೆ (ಭವಿಷ್ಯ ನಿಧಿಗೆ) ಶೇಕಡಾ 12, ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆಗೆ) ಕಾರ್ಮಿಕರ ಪಾಲು ಶೇಕಡಾ 0.75, ಕೈಗೆ ಬರುವ ಮೊತ್ತ. ಮಗಳಿಗೆ ಇದು ನಾಳೆ ಬೇಕಾದ ತಿಳಿವಳಿಕೆ, ತಾಯಿಗೆ ಅಂಕಿ ಓದುವ ಮತ್ತು ಕಳೆಯುವ ಲೆಕ್ಕದ ಅಭ್ಯಾಸ. ಇಎಸ್‌ಐ ಚೀಟಿ ಇದ್ದರೆ ಮನೆಯವರಿಗೂ ಚಿಕಿತ್ಸೆ ದೊರೆಯುತ್ತದೆ ಎಂದು ಗೊತ್ತಾದ ದಿನ ನಮ್ಮ ಸಂಜೆ ತರಗತಿಯಲ್ಲಿ ಪ್ರಶ್ನೆಗಳು ಮುಗಿಯಲೇ ಇಲ್ಲ. ಕಾವಲುಗಾರರು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಪ್ರಶ್ನೆ: ನನ್ನ ಮಗ ಹತ್ತನೆಯ ತರಗತಿ ಮುಗಿಸಿದ್ದಾನೆ, ಪಿಯುಸಿ ಓದುವ ಮನಸ್ಸಿಲ್ಲ. ಐಟಿಐ ಸೇರಿಸುವುದೋ, ಸಮುದಾಯ ಕಾಲೇಜಿಗೆ ಸೇರಿಸುವುದೋ ತಿಳಿಯುತ್ತಿಲ್ಲ.
— ಒಬ್ಬ ರೈತರು, ಟಿ. ನರಸೀಪುರ

ಉತ್ತರ: ಅವನ ಮನಸ್ಸು ರೈಲ್ವೆಯಂಥ ಕಡೆಯ ತಾಂತ್ರಿಕ ಹುದ್ದೆಗಳ ಮೇಲಿದ್ದರೆ ಐಟಿಐ ಸರಿಯಾದ ದಾರಿ, ಏಕೆಂದರೆ ಅಲ್ಲಿ ಕೇಳುವುದು ಆ ಪ್ರಮಾಣಪತ್ರವನ್ನೇ. ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ಎರಡು ವರ್ಷದವು, ವೆಲ್ಡರ್ ಒಂದು ವರ್ಷದ್ದು; ಮುಗಿದ ಮೇಲೆ ಮೈಸೂರಿನ ಅಶೋಕಪುರಂ ರೈಲ್ವೆ ಕಾರ್ಯಾಗಾರದಂಥ ಕಡೆ ಅಪ್ರೆಂಟಿಸ್ (ಕೆಲಸ ಮಾಡುತ್ತಲೇ ಕಲಿಯುವವ) ಆಗುವ ಅವಕಾಶವೂ ಇದೆ. ಸಮುದಾಯ ಕಾಲೇಜಿನ ವಿಚಾರ ಬೇರೆ. ಅಮೆರಿಕದಲ್ಲಿ ಬೆಳೆದ ಈ ಮಾದರಿ 1990ರ ದಶಕದಲ್ಲಿ ಪುದುಚೇರಿ, ಚೆನ್ನೈಗಳ ಮೂಲಕ ನಮ್ಮ ದೇಶಕ್ಕೆ ಬಂತು. 2013ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಇದಕ್ಕೆಂದೇ ಯೋಜನೆ ರೂಪಿಸಿತು. ಸ್ಥಳೀಯ ಉದ್ಯೋಗಕ್ಕೆ ಹೊಂದುವ ಕಿರು ಅವಧಿಯ ಕೋರ್ಸುಗಳು ಇಲ್ಲಿನ ಬಲ, ಆದರೆ ಡಿಪ್ಲೊಮಾ ಕೋರ್ಸುಗಳಿಗೆ ಸಾಮಾನ್ಯವಾಗಿ ಪಿಯುಸಿ ಕೇಳುತ್ತಾರೆ. ಸೇರಿಸುವ ಮೊದಲು ನೀವೇ ಹೋಗಿ ಎರಡು ವಿಷಯ ಕೇಳಿ: ಒಟ್ಟು ಅವಧಿಯಲ್ಲಿ ಎಷ್ಟು ಗಂಟೆ ಕೆಲಸದ ಜಾಗದಲ್ಲೇ ತರಬೇತಿ ಇರುತ್ತದೆ, ಮತ್ತು ಅಲ್ಲಿ ಗಳಿಸಿದ ಕ್ರೆಡಿಟ್ಟುಗಳು ಮುಂದೆ ಪದವಿಗೆ ಲೆಕ್ಕಕ್ಕೆ ಬರುತ್ತವೆಯೇ. ಈಗಿನ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 40 ಕ್ರೆಡಿಟ್. ಈ ಎರಡು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಗದ ಕಡೆ ಶುಲ್ಕ ಕಟ್ಟಬೇಡಿ. ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಲ್ಯಾಬಿನ ಯಂತ್ರಗಳನ್ನು ಅವನು ಕೈಯಿಂದ ಮುಟ್ಟಿ ನೋಡಲಿ.

ಪ್ರಶ್ನೆ: ಕೂರ್ಗಳ್ಳಿಯಲ್ಲಿ ಇಪ್ಪತ್ತು ಜನರ ಸಣ್ಣ ಘಟಕ ನಡೆಸುತ್ತಿದ್ದೇನೆ. ಕಾಲೇಜಿನವರು ತರಬೇತಿಗೆ ಸಹಕರಿಸಿ ಎನ್ನುತ್ತಾರೆ. ಕಲಿಸಿದವರೆಲ್ಲ ದೊಡ್ಡ ಕಂಪನಿಗೆ ಹೋಗಿಬಿಟ್ಟರೆ ನನಗೇನು ಲಾಭ?
— ಒಬ್ಬ ಉದ್ಯಮಿ, ಮೈಸೂರು

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು. ಕೆಲವರು ಹೋಗಿಯೇ ಹೋಗುತ್ತಾರೆ. ಆದರೆ ನನ್ನ ಅನುಭವದಲ್ಲಿ ಹುಡುಗರು ಬಿಡುವುದು ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲಿ, ಅದೂ ಸಂಬಳದ ಕಾರಣಕ್ಕಿಂತ ರೂಮು, ಊಟ, ರಾತ್ರಿ ಶಿಫ್ಟು ಮುಗಿದ ಮೇಲಿನ ಓಡಾಟ, ಮತ್ತು ಹೆಸರು ಹಿಡಿದು ಕರೆಯುವ ಒಬ್ಬ ಹಿರಿಯ ಕೆಲಸಗಾರ ಇಲ್ಲದ ಕಾರಣಕ್ಕೆ. ಅಪ್ರೆಂಟಿಸ್ ಕಾಯ್ದೆಯ ನಿಯಮಗಳಂತೆ 30 ಅಥವಾ ಹೆಚ್ಚು ಜನರಿರುವ ಘಟಕಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, ನಿಮ್ಮಂತೆ 4ರಿಂದ 29 ಜನರಿರುವ ಕಡೆ ಐಚ್ಛಿಕ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಪೋರ್ಟಲಿನ ನೋಂದಣಿ, ಒಪ್ಪಂದದ ಕಾಗದಪತ್ರಗಳನ್ನು ಕಾಲೇಜಿನ ಸಂಯೋಜಕರು ಮಾಡಿಕೊಡುವುದಾದರೆ ಮಾತ್ರ ಒಪ್ಪುತ್ತೇನೆ ಎಂದು ಹೇಳಿ. ಅದು ಅವರ ಕೆಲಸವೇ. ಮೊದಲ ವರ್ಷ ಇಬ್ಬರನ್ನು ತೆಗೆದುಕೊಂಡು, ಅವರನ್ನು ನಿಮ್ಮ ಅತ್ಯಂತ ತಾಳ್ಮೆಯ ಕೆಲಸಗಾರನ ಪಕ್ಕದಲ್ಲಿ ನಿಲ್ಲಿಸಿ.

ಪ್ರಶ್ನೆ: ನಮ್ಮ ತಾಯಿಯವರಿಗೆ 52 ವರ್ಷ, ಸಹಿ ಮಾಡಲು ಮಾತ್ರ ಬರುತ್ತದೆ. ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ತಾವೇ ಬರೆಯಬೇಕೆಂಬ ಆಸೆ. ಈ ವಯಸ್ಸಿನಲ್ಲಿ ಸೇರಿಸಿಕೊಳ್ಳುತ್ತಾರೆಯೇ?
— ಒಬ್ಬ ಮಗಳು, ಶ್ರೀರಂಗಪಟ್ಟಣ

ಉತ್ತರ: ಖಂಡಿತವಾಗಿ. ಸಾಕ್ಷರತಾ ಕಾರ್ಯಕ್ರಮ 15 ವರ್ಷ ದಾಟಿದ ಎಲ್ಲರಿಗೂ ತೆರೆದಿದೆ. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ವಿಚಾರಿಸಿದರೆ ಹತ್ತಿರದ ತರಗತಿಯ ವಿವರ ಸಿಗುತ್ತದೆ. ಮೊದಲ ದಿನ ಅವರು ಸಂಘದ ಪಾಸ್‌ಬುಕ್ಕನ್ನು ಜೊತೆಗೆ ಒಯ್ಯಲಿ, ‘ಜಮಾ’ ಮತ್ತು ‘ಖರ್ಚು’ ಎಂಬ ಎರಡು ಪದಗಳಿಂದಲೇ ಆರಂಭಿಸಿ ಎಂದು ಬೋಧಕರಿಗೆ ಹೇಳಲಿ. ಬೇಕಾದ ಪದದಿಂದ ಕಲಿಯಲು ಹೊರಟವರಿಗೆ ಅಕ್ಷರ ಬೇಗ ಹತ್ತುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಮೊದಲ ತಿಂಗಳು ಕೈ ನಡುಗಬಹುದು, ಬರೆದದ್ದನ್ನು ಸೆರಗಿನಿಂದ ಮುಚ್ಚಿಕೊಳ್ಳಬಹುದು. ನೀವು ಮನೆಯಲ್ಲಿ ತಿದ್ದಲು ಹೋಗಬೇಡಿ, ಪಕ್ಕದಲ್ಲಿ ಕುಳಿತು ಅವರು ಓದುವುದನ್ನು ಕೇಳಿಸಿಕೊಳ್ಳಿ.