ಹಬ್ಬ ಮುಗೀಲಿ ಅಂತಾರೆ, ಸ್ಟೆಂಟ್ ಅಲ್ಲೀವರೆಗೂ ಇರಬಹುದಾ?

ಪ್ರಶ್ನೆ: ನಮ್ಮ ಯಜಮಾನರು ಆಲೆಮನೆಯಲ್ಲಿ ಕೆಲಸ ಮಾಡುತ್ತಾರೆ. ಕಿಡ್ನಿಯ ಕಲ್ಲು ಜಾರಿ ಮೂತ್ರನಾಳದಲ್ಲಿ ಸಿಕ್ಕಿಕೊಂಡಿತ್ತು. ಮೈಸೂರಿನಲ್ಲಿ ಲೇಸರ್ ಮಾಡಿ ತೆಗೆದರು. ಒಳಗೆ ಸ್ಟೆಂಟ್ ಹಾಕಿದ್ದಾರೆ, ತಿಂಗಳೊಳಗೆ ಬಂದು ತೆಗೆಸಿ ಅಂದಿದ್ದಾರೆ. ಈಗ ಮೊದಲಿನ ನೋವಿಲ್ಲ. ಆದರೆ ಕೆಲಸಕ್ಕೆ ಹೋದ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಪದೇ ಪದೇ ಒಂದಕ್ಕೆ ಅವಸರ ಆಗುತ್ತದೆ. ಇವರು ‘ಸಂಕ್ರಾಂತಿ ಮುಗೀಲಿ, ಕೆಲಸ ಕಮ್ಮಿ ಆದ್ಮೇಲೆ ನೋಡೋಣ’ ಅಂತಿದ್ದಾರೆ. ಸ್ಟೆಂಟ್ ತಾನಾಗೇ ಕರಗಿ ಹೋಗುತ್ತೆ ಅಂತ ಊರಲ್ಲಿ ಯಾರೋ ಹೇಳಿದ್ದಾರೆ. ನಿಜವಾ? ಮುದ್ದೆ, ಹಾಲು, ಟೊಮೆಟೊ ಬಿಡಿಸಬೇಕಾ? ಬಾಳೆದಿಂಡಿನ ರಸ ಕೊಡಬಹುದಾ?
— ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಸ್ಟೆಂಟ್ ಕರಗುವುದಿಲ್ಲ. ತಾನಾಗೇ ಬೀಳುತ್ತೆ ಅಂತ ಕಾಯುವ ಹಾಗೂ ಇಲ್ಲ. ಡಾಕ್ಟರ್ ಕೊಟ್ಟ ತಾರೀಖಿಗೇ ತೆಗೆಸಿ. ಹಬ್ಬ ಇರಲಿ, ಹಂಗಾಮು ಇರಲಿ, ಅದು ಮುಂದಕ್ಕೆ ಹೋಗಬಾರದು. ಮೈಸೂರಿನಲ್ಲಿ ಯುರಾಲಜಿ ವಾರ್ಡಿನ ನರ್ಸಾಗಿ ಬಹಳ ವರ್ಷ ದುಡಿದವಳು ನಾನು. ಕಲ್ಲು ತೆಗೆಸಿಕೊಂಡವರು ನೋವು ನಿಂತ ಕೂಡಲೇ ‘ಎಲ್ಲಾ ಮುಗೀತು’ ಅಂದುಕೊಳ್ಳುತ್ತಾರೆ. ಸ್ಟೆಂಟ್ ಹೊರಗೆ ಬರುವವರೆಗೂ ಆಪರೇಷನ್ ಮುಗಿದಿಲ್ಲ ಅಂತಲೇ ತಿಳಿಯಿರಿ.

ಈ ಸ್ಟೆಂಟ್ ಒಂದು ಮೆತ್ತನೆಯ ತೆಳು ನಳಿಕೆ. ಉದ್ದ ಸುಮಾರು 24ರಿಂದ 26 ಸೆಂಟಿಮೀಟರ್. ಎರಡೂ ತುದಿ ಸುರುಳಿ ಸುತ್ತಿಕೊಂಡಿರುತ್ತದೆ. ಒಂದು ಸುರುಳಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ. ಅದಕ್ಕೇ ಜಾರದೆ ನಿಲ್ಲುತ್ತದೆ. ಲೇಸರ್ ಆದ ಮೇಲೆ ನಾಳ ಊದಿಕೊಂಡಿರುತ್ತದೆ, ಕಲ್ಲಿನ ಪುಡಿಯೂ ಉಳಿದಿರಬಹುದು. ದಾರಿ ಕಟ್ಟದಿರಲಿ ಅಂತ ಇದನ್ನು ಇಟ್ಟಿರುತ್ತಾರೆ. ಕೆಲವು ವಾರಕ್ಕೆ ಇದರ ಕೆಲಸ ಮುಗಿಯುತ್ತದೆ. ಆಮೇಲೂ ಬಿಟ್ಟರೆ, ನೀರು ಕಾಯಿಸುವ ಹಂಡೆಯೊಳಗೆ ಸುಣ್ಣ ಕಟ್ಟುವ ಹಾಗೆ ಸ್ಟೆಂಟಿನ ಮೇಲೆ ಕಲ್ಲು ಕಟ್ಟುತ್ತದೆ. ಮೂರು ತಿಂಗಳು ದಾಟಿದರೆ ಅಪಾಯ ಜಾಸ್ತಿ. ಕಲ್ಲಾಗುವ ಮೈಯವರಿಗೆ ಅದಕ್ಕಿಂತ ಬೇಗನೂ ಕಟ್ಟಬಹುದು.

ಹುಣಸೂರು ಕಡೆಯ ರೈತರೊಬ್ಬರು ಹೀಗೇ ಮರೆತಿದ್ದರು. ಬೆಳೆ, ಮದುವೆ, ಸಾಲ ಅಂತ ವರ್ಷ ಕಳೆದುಹೋಗಿತ್ತು. ಚಳಿಜ್ವರ ಬಂದು ಅಡ್ಮಿಟ್ ಆದಾಗ ಎಕ್ಸ್‌ರೇ ತೆಗೆದರೆ, ತೆಳ್ಳಗೆ ಕಾಣಬೇಕಿದ್ದ ಗೆರೆ ದಪ್ಪಗೆ ಬೆಳ್ಳಗಾಗಿತ್ತು. ಕೆಳಗಿನ ಸುರುಳಿ ಪೂರ್ತಿ ಕಲ್ಲು. ಎಳೆದರೆ ಬರುವ ಸ್ಥಿತಿಯೇ ಇರಲಿಲ್ಲ. ಐದು ನಿಮಿಷದಲ್ಲಿ ಆಗಬೇಕಿದ್ದ ಕೆಲಸಕ್ಕೆ ಮತ್ತೆ ಅರಿವಳಿಕೆ, ಮತ್ತೆ ಲೇಸರ್. ಅವರ ಹೆಂಡತಿ ಹಾಸಿಗೆ ಪಕ್ಕ ಕೂತು ಡಿಸ್ಚಾರ್ಜ್ ಚೀಟಿ ತೋರಿಸಿದರು. ‘ಡಿಜೆ ಸ್ಟೆಂಟ್’ (ಇದೇ ನಳಿಕೆಯ ಹೆಸರು) ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು ಇತ್ತು. ಅದೇನು ಅಂತ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಇವತ್ತಿಗೂ ನನಗೆ ಸಂಕಟ ಆಗುವುದು ಅದಕ್ಕೇ. ನಿಮ್ಮ ಚೀಟಿಯಲ್ಲೂ ಆ ಸಾಲು ಹುಡುಕಿ. ತಾರೀಖನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ದೊಡ್ಡದಾಗಿ ಗುರುತು ಮಾಡಿ.

ತೆಗೆಯುವುದಕ್ಕೆ ಯಜಮಾನರು ಹೆದರುತ್ತಿರಲೂಬಹುದು. ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ. ಮೂತ್ರದ ದಾರಿಗೆ ಮರಗಟ್ಟಿಸುವ ಜೆಲ್ ಹಾಕುತ್ತಾರೆ. ತೆಳುವಾದ ದುರ್ಬೀನು ಬಿಟ್ಟು, ಸುರುಳಿ ಹಿಡಿದು ಹೊರಗೆ ತೆಗೆಯುತ್ತಾರೆ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಮುಜುಗರ ಇರುತ್ತದೆ, ಸ್ವಲ್ಪ ಉರಿಯೂ ಇರುತ್ತದೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಒಂದೆರಡು ದಿನ ಉರಿಮೂತ್ರ ಇದ್ದು ಹೋಗುತ್ತದೆ.

ಕೆಂಪು ಮೂತ್ರದ ಬಗ್ಗೆ ಗಾಬರಿ ಬೇಡ. ಬಗ್ಗಿ ಎದ್ದು, ಭಾರ ಎತ್ತಿದಾಗ ಸ್ಟೆಂಟ್ ಮೂತ್ರಚೀಲಕ್ಕೆ ಉಜ್ಜುತ್ತದೆ. ಕೂತು ನೀರು ಕುಡಿದರೆ ತಿಳಿಯಾಗುತ್ತದೆ. ಮೂತ್ರ ಮಾಡುವಾಗ ಪಕ್ಕೆ ಹಿಡಿದುಕೊಂಡರೆ, ಮೂತ್ರ ನಳಿಕೆಯಲ್ಲಿ ಮೇಲಕ್ಕೆ ಒತ್ತಿದ್ದರಿಂದ. ತೀರಾ ತೊಂದರೆ ಕೊಟ್ಟರೆ ಮಾತ್ರೆ ಇದೆ, ಡಾಕ್ಟರನ್ನು ಕೇಳಿ. ಆದರೆ ಚಳಿ ನಡುಕದ ಜ್ವರ ಬಂದರೆ, ಗಟ್ಟಿ ಗಟ್ಟಿ ರಕ್ತ ಬಂದರೆ, ಮೂತ್ರವೇ ಕಟ್ಟಿಕೊಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಸೋಂಕು ರಕ್ತಕ್ಕೆ ಸೇರಿದರೆ ಜೀವಕ್ಕೇ ಕುತ್ತು.

ಆಲೆಮನೆ ವಿಷಯ ಕೇಳಿದ ಮೇಲೆ ಕಲ್ಲು ಯಾಕೆ ಬಂತು ಅಂತ ಊಹಿಸಬಲ್ಲೆ. ಒಲೆಗೆ ಕಬ್ಬಿನ ರಚ್ಚು ತಳ್ಳುತ್ತಾ, ಕುದಿಯುವ ಕೊಪ್ಪರಿಗೆ ಮುಂದೆ ಇಡೀ ದಿನ ಬೆವರುತ್ತಾರೆ. ನೀರೆಲ್ಲ ಬೆವರಾಗಿ ಹೋದರೆ ಮೂತ್ರ ಗಟ್ಟಿಯಾಗಿ ಕಲ್ಲಿಗೆ ದಾರಿ. ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗಬೇಕು. ಅಂದರೆ ಕಮ್ಮಿ ಅಂದರೂ ಮೂರು ಲೀಟರು ನೀರು ಬೇಕು, ಒಲೆ ಮುಂದೆ ಇದ್ದ ದಿನ ಅದೂ ಸಾಲದು. ಹೃದಯದ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ಕುಡಿಯಲಿ. ಕಬ್ಬಿನ ಹಾಲನ್ನು ನೀರಿನ ಲೆಕ್ಕಕ್ಕೆ ಸೇರಿಸಬೇಡಿ. ನೀರಿಗೆ ನಿಂಬೆರಸ ಹಿಂಡಿ ಕೊಡಿ, ಅದರಲ್ಲಿರುವ ಸಿಟ್ರೇಟ್ ಕಲ್ಲು ಕಟ್ಟದಂತೆ ತಡೆಯುತ್ತದೆ.

ಮುದ್ದೆ ಬಿಡಿಸಬೇಡಿ! ನಮ್ಮ ಕಡೆ ಕಲ್ಲು ಅಂದ ತಕ್ಷಣ ಮುದ್ದೆ, ಹಾಲು ನಿಲ್ಲಿಸಿಬಿಡುತ್ತಾರೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ನಿಜ. ಆದರೆ ಪಾಲಕ್, ದಂಟಿನಂಥ ಸೊಪ್ಪಿನಲ್ಲಿ ಆಕ್ಸಲೇಟ್ ಅಂತ ಕಲ್ಲು ಕಟ್ಟಿಸುವ ಅಂಶ ಇರುತ್ತದೆ, ಊಟದ ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ಮುದ್ದೆ, ಹಾಲು ನಿಲ್ಲಿಸಿದರೆ ಆಕ್ಸಲೇಟ್ ಕಿಡ್ನಿಗೆ ಹೋಗಿ ಕಲ್ಲು ಇನ್ನೂ ಹೆಚ್ಚುತ್ತದೆ. ಟೊಮೆಟೊ ಸಾರೂ ಇರಲಿ. ಪಾಲಕ್, ದಂಟು ದಿನಾ ಬೇಡ. ಉಪ್ಪಿನಕಾಯಿ, ಹಪ್ಪಳ ಕಮ್ಮಿ ಮಾಡಿ. ಬಾಡೂಟ ಹಿತಮಿತವಾಗಿರಲಿ. ಬಾಳೆದಿಂಡು ಪಲ್ಯ ಮಾಡಿ ಹಾಕಿ, ಅಡ್ಡಿಯಿಲ್ಲ. ಅದು ಸ್ಟೆಂಟ್ ತೆಗೆಸುವ ಬದಲಿಗೆ ಅಲ್ಲ, ಅಷ್ಟೇ. ತೆಗೆದ ಕಲ್ಲನ್ನು ಪರೀಕ್ಷೆಗೆ ಕಳಿಸಿದ್ದರೆ ವರದಿ ಕೇಳಿ ಪಡೆಯಿರಿ. ಯಾವ ಜಾತಿಯ ಕಲ್ಲು ಅಂತ ಗೊತ್ತಾದರೆ ಪಥ್ಯ ಇನ್ನೂ ಸರಿಯಾಗಿ ಹೇಳಬಹುದು.

ದುಡ್ಡಿನ ಚಿಂತೆ ಇದ್ದರೆ, ಆಯುಷ್ಮಾನ್ ಕಾರ್ಡ್ ಹಿಡಿದುಕೊಂಡು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ. ಹೋಗುವಾಗ ಹಳೇ ಚೀಟಿ, ಎಕ್ಸ್‌ರೇ ಎಲ್ಲಾ ತೆಗೆದುಕೊಂಡು ಹೋಗಿ. ಎರಡೂ ಕಡೆ ಸ್ಟೆಂಟ್ ಹಾಕಿದ್ದಾರಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ತೆಗೆದಾದ ಮೇಲೆ ‘ಸ್ಟೆಂಟ್ ಪೂರ್ತಿ ತೆಗೆದಿದೆ’ ಅಂತ ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ.