ಓದುಗರ ಪ್ರಶ್ನೆ: ಉರುಳುವ ಗುಂಡಿನ ಶಕ್ತಿಯ ಲೆಕ್ಕ

ಪ್ರಶ್ನೆ: 2 ಕೆ.ಜಿ.ಯ ಗಟ್ಟಿ ಗುಂಡೊಂದು 1.4 ಮೀಟರ್ ಎತ್ತರದ ಇಳಿಜಾರಿನಲ್ಲಿ ಜಾರದೆ ಉರುಳಿ ಬರುತ್ತದೆ. ಕೆಳಗೆ ಅದರ ವೇಗ ಎಷ್ಟು? ಶಕ್ತಿ ಸಂರಕ್ಷಣೆಯಿಂದ ಮಾಡಿದರೆ ನನಗೆ ಸೆಕೆಂಡಿಗೆ 5.29 ಮೀಟರ್ ಬರುತ್ತದೆ, ಉತ್ತರ 4.47 ಎಂದಿದೆ. ಘರ್ಷಣೆಗೆ ಹೋದದ್ದನ್ನು ಕಳೆಯೋಣವೆಂದರೆ ಘರ್ಷಣಾಂಕವನ್ನೇ ಕೊಟ್ಟಿಲ್ಲ.
– ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಘರ್ಷಣಾಂಕ (ಎರಡು ಮೈಗಳ ನಡುವೆ ಘರ್ಷಣೆ ಎಷ್ಟು ಎಂಬುದರ ಅಳತೆ) ಬೇಕಾಗಿಲ್ಲ, ಅದಕ್ಕೇ ಕೊಟ್ಟಿಲ್ಲ. ನೀವು ಬಿಟ್ಟದ್ದು ಗುಂಡು ತನ್ನ ಸುತ್ತ ತಾನು ತಿರುಗುವುದಕ್ಕೆ ಬೇಕಾದ ಶಕ್ತಿಯನ್ನು.

ಜಿ, ಅಂದರೆ ಗುರುತ್ವ ವೇಗೋತ್ಕರ್ಷದ ಬೆಲೆ 10 ಎಂದು ಹಿಡಿದರೆ ಮೇಲಿದ್ದ ಪ್ರಚ್ಛನ್ನ ಶಕ್ತಿ (ಎತ್ತರದಲ್ಲಿರುವುದರಿಂದ ಬಂದ ಶಕ್ತಿ) 2 × 10 × 1.4 = 28 ಜೂಲ್. ಅಷ್ಟನ್ನೂ ನೀವು ಮುಂದಕ್ಕೆ ಸಾಗುವ ಚಲನೆಗೇ ಕೊಟ್ಟಿದ್ದೀರಿ. ಗಟ್ಟಿ ಗುಂಡಿನ ಮೊಮೆಂಟ್ ಆಫ್ ಇನರ್ಷಿಯಾ (ತಿರುಗಿಸುವುದು ಎಷ್ಟು ಕಷ್ಟ ಎಂಬುದರ ಅಳತೆ) ಎಂದರೆ ದ್ರವ್ಯರಾಶಿ, ತ್ರಿಜ್ಯದ ವರ್ಗ ಎರಡರ ಗುಣಲಬ್ಧದ 2/5 ಭಾಗ. ಜಾರದೆ ಉರುಳುವಾಗ ಕೋನೀಯ ವೇಗ (ತಿರುಗುವ ವೇಗ) = ವೇಗ ÷ ತ್ರಿಜ್ಯ. ಇದನ್ನು ತಿರುಗುವ ಶಕ್ತಿಯ ಸೂತ್ರದಲ್ಲಿ ಹಾಕಿದೊಡನೆ ತ್ರಿಜ್ಯ ಹೊಡೆದುಹೋಗುತ್ತದೆ. 2 ಕೆ.ಜಿ.ಗೆ ಸಾಗುವ ಶಕ್ತಿ (½ × 2 × ವೇಗದ ವರ್ಗ) ವೇಗದ ವರ್ಗದಷ್ಟೇ, ತಿರುಗುವ ಶಕ್ತಿ ಅದರ 0.4 ಪಾಲು. ಒಟ್ಟು 1.4 ಪಾಲು 28ಕ್ಕೆ ಸಮ, ವೇಗದ ವರ್ಗ 20, ವೇಗ 4.47. ಅಂದರೆ 20 ಜೂಲ್ ಸಾಗುವುದಕ್ಕೆ, 8 ಜೂಲ್ ತಿರುಗುವುದಕ್ಕೆ.

ಇನ್ನು ಘರ್ಷಣೆ. ಉರುಳುವಾಗ ನೆಲಕ್ಕೆ ತಾಗಿದ ಬಿಂದು ಆ ಕ್ಷಣಕ್ಕೆ ನಿಂತೇ ಇರುತ್ತದೆ. ಹಾಗಾಗಿ ಅಲ್ಲಿರುವುದು ಸ್ಥಿರ ಘರ್ಷಣೆ, ಅದು ಮಾಡುವ ಒಟ್ಟು ಕೆಲಸ ಸೊನ್ನೆ. ಹಾಗೆಂದು ಅದು ಸುಮ್ಮನಿರುವುದಿಲ್ಲ: ಮುಂದಕ್ಕೆ ಸಾಗುವುದನ್ನು ತಡೆದು 8 ಜೂಲ್ ಕಿತ್ತುಕೊಳ್ಳುತ್ತದೆ, ಗುಂಡನ್ನು ತಿರುಗಿಸಿ ಅದೇ 8 ಜೂಲ್ ವಾಪಸು ಕೊಡುತ್ತದೆ. ಈ ಕೊಡು-ಕೊಳ್ಳುವಿಕೆ ಒಮ್ಮೆ ಮನಸ್ಸಿಗೆ ಹತ್ತಿದರೆ ಅಧ್ಯಾಯದ ಅರ್ಧ ಲೆಕ್ಕಗಳು ಸಲೀಸು. ತಿರುಗುವ ಶಕ್ತಿಯನ್ನೂ ಬರೆದು, ಮೇಲೆ ಘರ್ಷಣೆಯ ಕೆಲಸವನ್ನೂ ಕಳೆದರೆ ಒಂದೇ ಬಾಕಿಯನ್ನು ಎರಡು ಸಲ ತೀರಿಸಿದಂತೆ.

ಪ್ರಶ್ನೆ: ಅರ್ಧಗೋಳದ ಬಟ್ಟಲಿನ ತ್ರಿಜ್ಯ 30 ಸೆಂ.ಮೀ., ಗೋಲಿಯ ತ್ರಿಜ್ಯ 2 ಸೆಂ.ಮೀ. ಗೋಲಿಯ ಕೇಂದ್ರ ಬಟ್ಟಲಿನ ಅಂಚಿನ ಮಟ್ಟದಲ್ಲಿರುವಂತೆ ಹಿಡಿದು ಬಿಟ್ಟರೆ, ಎತ್ತರ ಎಂದು 30 ಹಾಕಬೇಕೇ?
– ಸಿಇಟಿ ಅಭ್ಯರ್ಥಿ, ಮಧುಗಿರಿ

ಉತ್ತರ: 28 ಹಾಕಿ. ಲೆಕ್ಕಕ್ಕೆ ಬರುವುದು ಗೋಲಿಯ ಕೇಂದ್ರ ಇಳಿದ ಎತ್ತರ. ತಳ ಮುಟ್ಟಿದಾಗಲೂ ಕೇಂದ್ರ 2 ಸೆಂ.ಮೀ. ಮೇಲೆಯೇ ಇರುತ್ತದೆ. ಜಾರದೆ ಉರುಳಿತೆಂದರೆ, ಮೇಲಿನ ಲೆಕ್ಕದ 1.4 ಪಾಲೇ ಇಲ್ಲೂ ಬಂದು, ವೇಗದ ವರ್ಗ = 2 × 10 × 0.28 ÷ 1.4 = 4, ವೇಗ ಸೆಕೆಂಡಿಗೆ 2 ಮೀಟರ್. ಕೋನೀಯ ವೇಗ ಕೇಳಿದರೆ ಗೋಲಿಯ ತ್ರಿಜ್ಯದಿಂದಲೇ ಭಾಗಿಸಿ: 2 ÷ 0.02 = ಸೆಕೆಂಡಿಗೆ 100 ರೇಡಿಯನ್.

ಪ್ರಶ್ನೆ: ಮಕ್ಕಳಿಗೆ ತೋರಿಸಲು ಗೋಲಿ ಮತ್ತು ಸ್ಟೀಲ್ ಬಳೆಯನ್ನು ಹಲಗೆಯ ಮೇಲೆ ಉರುಳಿಸಿದೆ. ಚೆನ್ನಾಗಿ ಓಡಲೆಂದು ಹಲಗೆಯನ್ನು 40 ಡಿಗ್ರಿ ಎತ್ತಿದ್ದೆ. ಬಳೆಯ ಲೆಕ್ಕ ತಾಳೆಯಾಗಲಿಲ್ಲ. ಗೋಲಿ ಪಕ್ಕಕ್ಕೆ ಹೋಗದಿರಲೆಂದು ಅಲ್ಯೂಮಿನಿಯಂ ಕೋನಪಟ್ಟಿಯೊಳಗೆ ಬಿಟ್ಟೆ, ಅದೂ ನಿಧಾನವಾಯಿತು.
– ಪ್ರೌಢಶಾಲಾ ಶಿಕ್ಷಕರು, ಮುಳಬಾಗಿಲು

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ. 40 ಡಿಗ್ರಿಯಲ್ಲಿ ಜಾರದೆ ಉರುಳಲು ಗೋಲಿಗೆ 0.24 ಘರ್ಷಣಾಂಕ ಸಾಕು, ಬಳೆಗೆ 0.42 ಬೇಕು. ದ್ರವ್ಯರಾಶಿಯೆಲ್ಲ ಅಂಚಿನಲ್ಲೇ ಇರುವ ಬಳೆಯನ್ನು ತಿರುಗಿಸುವುದು ಕಷ್ಟ. ಘರ್ಷಣಾಂಕ 0.3 ಇದ್ದರೆ ಬಳೆ ಸುಮಾರು 31 ಡಿಗ್ರಿ ದಾಟಿದೊಡನೆ ಜಾರತೊಡಗುತ್ತದೆ. ಆಮೇಲೆ ಸ್ವಲ್ಪ ಶಕ್ತಿ ಶಾಖವಾಗಿ ಹೋಗುವುದರಿಂದ ನಿಮ್ಮ ಸಮೀಕರಣ ಹೊಂದುವುದಿಲ್ಲ.

1.2 ಮೀಟರ್ ಹಲಗೆಯ ಒಂದು ತುದಿಯನ್ನು 10 ಸೆಂ.ಮೀ. ಮಾತ್ರ ಎತ್ತಿ. ಜಿ 9.8 ಹಿಡಿದರೆ ಗೋಲಿ 2.03 ಸೆಕೆಂಡಿನಲ್ಲೂ ಬಳೆ 2.42 ಸೆಕೆಂಡಿನಲ್ಲೂ ಕೆಳಗೆ ಬರಬೇಕು. ಒಂದು ಚಿಕ್ಕ ಎಚ್ಚರ: ದೂರವನ್ನು ಸಮಯದಿಂದ ಭಾಗಿಸಿದರೆ ಬರುವುದು ಸರಾಸರಿ ವೇಗ. ನಿಶ್ಚಲ ಸ್ಥಿತಿಯಿಂದ ಬಿಟ್ಟಿರುವುದರಿಂದ ಕೊನೆಯ ವೇಗ ಅದರ ಎರಡರಷ್ಟು. ಬಳೆ ಜಾರಿತೋ ಉರುಳಿತೋ ಎಂದು ತಿಳಿಯಲು ಅಂಚಿಗೆ ಬಿಳಿ ಬಣ್ಣದ ಚುಕ್ಕೆ ಇಟ್ಟು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ. ಹೊರವ್ಯಾಸ 6 ಸೆಂ.ಮೀ. ಇದ್ದರೆ ಚುಕ್ಕೆ ಒಂದು ಸುತ್ತು ಬರುವಷ್ಟರಲ್ಲಿ ಬಳೆ 18.8 ಸೆಂ.ಮೀ. ಸಾಗಿರಬೇಕು. 25 ಸಾಗಿದ್ದರೆ ಜಾರಿದೆ ಎಂದೇ ಅರ್ಥ.

ಕೋನಪಟ್ಟಿಯ ವಿಷಯ ಇನ್ನೂ ಸೊಗಸು. 90 ಡಿಗ್ರಿಯ ಪಟ್ಟಿಯಲ್ಲಿ ಗೋಲಿ ತಳದಲ್ಲಿ ತಾಗುವುದಿಲ್ಲ, ಎರಡು ಪಕ್ಕಗಳಲ್ಲಿ ತಾಗುತ್ತದೆ. ತಿರುಗುವ ಅಕ್ಷದಿಂದ ಆ ಬಿಂದುಗಳಿಗೆ ಇರುವ ದೂರ ತ್ರಿಜ್ಯದ 0.707 ಭಾಗ ಮಾತ್ರ. ಅಷ್ಟೇ ದೂರ ಸಾಗಲು ಗೋಲಿ ಹೆಚ್ಚು ಸುತ್ತು ಹಾಕಬೇಕು, ತಿರುಗುವ ಪಾಲು 0.4 ಇದ್ದದ್ದು 0.8 ಆಗುತ್ತದೆ. ಅದೇ ಹಲಗೆಯ ಮೇಲೆ ಸಮಯ 2.03ರಿಂದ 2.30 ಸೆಕೆಂಡಿಗೆ ಏರುತ್ತದೆ. ಪಟ್ಟಿಯನ್ನು ತೆಗೆದಿಡಬೇಡಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೇ ಗೋಲಿಯನ್ನು ಮೊದಲು ಹಲಗೆಯ ಮೇಲೆ, ಆಮೇಲೆ ಪಟ್ಟಿಯೊಳಗೆ ಬಿಡಿ. ಸಮಯವನ್ನು ಮಕ್ಕಳೇ ಅಳೆಯಲಿ.