ಬಿಸಿ ಏರಿಸುವ ಮುಂಚೆ ಕಾಗದ ಮುಟ್ಟಿ ನೋಡಿ

ಅಣ್ಣ, ಲ್ಯಾಮಿನೇಶನ್ (ಪ್ರಿಂಟ್ ಆದ ಕಾರ್ಡಿಗೆ ಬಿಸಿ ರೋಲರಿನಲ್ಲಿ ಪ್ಲಾಸ್ಟಿಕ್ ಫಿಲ್ಮ್ ಅಂಟಿಸುವುದು) ಕೆಟ್ಟಿದೆ ಎಂದು ನೀವು ಗುಂಪಿನಲ್ಲಿ ಹಾಕಿದ ಫೋಟೋ ನೋಡಿದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾರ್ಡ್, ಮ್ಯಾಟ್ ಫಿಲ್ಮ್, ಕಪ್ಪು ಬಂದ ಕಡೆಯೆಲ್ಲ ಬೂದಿ ಹಾರಿದ ಹಾಗೆ ಸಿಲ್ವರಿಂಗ್, ಅಂದರೆ ಫಿಲ್ಮ್ ಪೂರ್ತಿ ಹಿಡಿಯದೆ ಬಿಳಿ ಬಿಳಿ ಕಾಣುವುದು. 110 ಡಿಗ್ರಿ ಇದ್ದ ಬಿಸಿಯನ್ನು 140ಕ್ಕೆ ಏರಿಸಿದೆ, ಈಗ ಗುಳ್ಳೆಯೂ ಶುರುವಾಗಿದೆ ಎಂದು ಬರೆದಿದ್ದೀರಿ. ದಮ್ಮಯ್ಯ, ಮೊದಲು ಅದನ್ನು ಇಳಿಸಿ. ಇದೇ ಕೆಲಸ ಮಾಡಿ ನಾನು 400 ಮೆನು ಕಾರ್ಡ್ ರದ್ದಿಗೆ ಹಾಕಿದ್ದೇನೆ.

ನಮ್ಮ ಅಂಗಡಿ ಶಿರಸಿಯಲ್ಲಿ. ಜುಲೈ ತಿಂಗಳು, ಮಳೆ ಬಿಡದೇ ಹೊಡೆಯುತ್ತಿತ್ತು. ಹಿಂದಿನ ಸಂಜೆ ಕಾಗದದ ಪ್ಯಾಕೆಟ್ ಒಡೆದು ಮೇಜಿನ ಮೇಲೆ ಹಾಗೇ ಬಿಟ್ಟು ಹೋಗಿದ್ದೆ. ಬೆಳಿಗ್ಗೆ ಹಾಳೆ ಎತ್ತಿದರೆ ಸದ್ದೇ ಇಲ್ಲ, ನಿನ್ನೆಯ ದೋಸೆಯ ಹಾಗೆ ಬಾಗುತ್ತಿತ್ತು. ಅದನ್ನೇ ಪ್ರಿಂಟ್ ಹೊಡೆದು ಮಷೀನಿಗೆ ಕೊಟ್ಟೆ. ಬಿಳಿ ಬಂತು. ಬಿಸಿ ಸಾಲದು ಎಂದುಕೊಂಡು ಏರಿಸಿದೆ. ಬೆವರುಸಾಲೆ ಎದ್ದ ಹಾಗೆ ಗುಳ್ಳೆ ಬಂತು. ಒಳಗಿನ ತೇವ ಆವಿಯಾಗುತ್ತದೆ, ಮೇಲೆ ಪ್ಲಾಸ್ಟಿಕ್, ಹೋಗಲು ದಾರಿ ಇಲ್ಲ, ಫಿಲ್ಮನ್ನೇ ಎತ್ತುತ್ತದೆ. ಸಂಜೆಗೆ ಕಾರ್ಡುಗಳೆಲ್ಲ ಸುಟ್ಟ ಹಪ್ಪಳ.

ಅಲ್ಲಿಗೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಿಸಿ ಜಾಸ್ತಿಯಾಗಿ ಫಿಲ್ಮಿನ ಗಮ್ ಅಂಚಿನಿಂದ ರೋಲರಿಗೆ ಹತ್ತಿತು. ಅವಸರಕ್ಕೆ ಬ್ಲೇಡ್ ಹಾಕಿ ಕೆರೆದೆ. ರಬ್ಬರಿನಲ್ಲಿ ಕೂದಲೆಳೆಯಷ್ಟು ಗೀರು ಬಿತ್ತು. ಆಮೇಲೆ ಪ್ರತಿ ಹಾಳೆಯಲ್ಲೂ ಅಷ್ಟಷ್ಟೇ ದೂರಕ್ಕೆ ಅದೇ ಗುರುತು. ನಿಮಗೂ ಗುರುತು ಬರುತ್ತಿದ್ದರೆ ಸ್ಕೇಲ್ ಇಟ್ಟು ಅಳೆಯಿರಿ. ಒಂದೇ ಅಂತರದಲ್ಲಿ ಮರಳಿ ಬಂದರೆ ತಪ್ಪು ರೋಲರಿನದು. ಬ್ಲೇಡ್, ಥಿನ್ನರ್ ಎರಡೂ ಬೇಡವೇ ಬೇಡ. ಕರೆಂಟ್ ತೆಗೆದು, ರೋಲರ್ ಉಗುರುಬೆಚ್ಚಗಿರುವಾಗ ಒರಟು ಹತ್ತಿ ಬಟ್ಟೆಯಲ್ಲಿ ಉಜ್ಜಿದರೆ ಗಮ್ ಉಂಡೆಯಾಗಿ ಬರುತ್ತದೆ. ಉಳಿದದ್ದಕ್ಕೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಅದೂ ಪೂರ್ತಿ ತಣ್ಣಗಾದ ಮೇಲೆ. ಬೇಗ ಬೆಂಕಿ ಹಿಡಿಯುವ ವಸ್ತು ಅದು.

ಈಗ ನನ್ನ ಕಾಗದವೆಲ್ಲ ಹಳೇ ಮರದ ಕಪಾಟಿನಲ್ಲಿ ಇರುತ್ತದೆ. ಕೆಳಗೆ 60 ವ್ಯಾಟಿನ ಹಳೇ ಬಲ್ಬ್, ಮಳೆಗಾಲವಿಡೀ ಅಂಗಡಿ ತೆರೆದಿರುವಷ್ಟು ಹೊತ್ತು ಉರಿಯುತ್ತದೆ. ಎಲ್‌ಇಡಿ ಹಾಕಿ ಬಿಸಿಯೇ ಬರಲಿಲ್ಲ ಎಂದು ಆಮೇಲೆ ನನ್ನನ್ನು ಬೈಯಬೇಡಿ. ಬಲ್ಬಿಗೂ ಕಾಗದಕ್ಕೂ ಒಂದಡಿ ಜಾಗ ಇರಲಿ, ಸುತ್ತ ಜಾಲರಿ ಇರಲಿ, ಅಂಗಡಿಗೆ ಬೀಗ ಹಾಕುವಾಗ ಆರಿಸಿ. ಬೇಸಿಗೆಯಲ್ಲಿ ಬೇಡ. ತೀರಾ ಒಣಗಿದರೆ ಸ್ಟ್ಯಾಟಿಕ್ ಆಗಿ ಎರಡೆರಡು ಹಾಳೆ ಅಂಟಿಕೊಂಡು ಹೋಗುತ್ತವೆ.

ಇನ್ನು ಕಾಗದ ಒಣಗಿದ್ದೂ ಬಿಳಿ ಬಂದರೆ ಸ್ಪೀಡ್ ಇಳಿಸಿ. 300 ಜಿಎಸ್‌ಎಂ ಬಿಸಿಯನ್ನು ಕುಡಿಯುತ್ತದೆ, ಅದಕ್ಕೆ ಟೈಮ್ ಕೊಡಬೇಕು ಅಷ್ಟೇ. ಪ್ರೆಶರ್ ಒಂದು ಸುತ್ತು ಬಿಗಿ ಮಾಡಿ. ಡಿಜಿಟಲ್ ಪ್ರಿಂಟ್ ಆಗಿದ್ದು ಕಪ್ಪು ಜಾಸ್ತಿ ಇದ್ದರೆ ಮಾಮೂಲಿ ಫಿಲ್ಮ್ ಹಿಡಿಯುವುದೇ ಕಷ್ಟ, ಹೆಚ್ಚು ಗಟ್ಟಿಯಾಗಿ ಅಂಟುವ ಸೂಪರ್ ಸ್ಟಿಕ್ ಫಿಲ್ಮ್ ತರಿಸಿ. ಆಫ್‌ಸೆಟ್ ಪ್ರಿಂಟ್ ಆಗಿದ್ದರೆ, ಹಾಳೆಗಳು ಒಂದಕ್ಕೊಂದು ಅಂಟದಿರಲಿ ಎಂದು ಪ್ರೆಸ್ಸಿನಲ್ಲಿ ಸಿಂಪಡಿಸುವ ಪೌಡರ್ ಒರೆಸಿದಿರಾ? ಬೆರಳು ಆಡಿಸಿ ನೋಡಿ, ಗೊತ್ತಾಗುತ್ತದೆ. ಇಂಕ್ ಹಸಿ ಇದ್ದರಂತೂ ಯಾವ ಫಿಲ್ಮೂ ನಿಲ್ಲದು.

ಫಿಲ್ಮ್ ಬಗ್ಗೆ ಒಂದು ಮಾತು. ನಾನು ಕಾಸ್ಮೋ ಕಂಪನಿಯ ಫಿಲ್ಮ್ ಹಾಕುತ್ತೇನೆ. ಕಾಸು ಸ್ವಲ್ಪ ಜಾಸ್ತಿ, ಆದರೆ ಸುತ್ತು ಬಿಗಿಯಾಗಿರುತ್ತದೆ. ಹೆಸರಿಲ್ಲದ ಸಸ್ತಾ ರೋಲ್ ತಂದು, ಅದು ಕೋರ್ (ಒಳಗಿನ ಕೊಳವೆ) ಮೇಲೆ ಓರೆಯಾಗಿ ಜಾರುತ್ತಿದ್ದರೂ ಫಿಲ್ಮನ್ನು ಬಿಗಿ ಹಿಡಿಯುವ ಬ್ರೇಕ್ ತಿರುಗಿಸುತ್ತಾ ಕೂರುವವರನ್ನು ಇದೇ ಗುಂಪಿನಲ್ಲಿ ಎಷ್ಟು ಜನರನ್ನು ನೋಡಿಲ್ಲ! ಸುಕ್ಕು ಹೋಗಲಿ ಎಂದು ಬ್ರೇಕ್ ತೀರಾ ಬಿಗಿ ಮಾಡಿದರೆ ಫಿಲ್ಮ್ ಎಳೆದುಕೊಂಡು ಅಂಟುತ್ತದೆ, ತಣ್ಣಗಾದಾಗ ಕುಗ್ಗುತ್ತದೆ, ಕಾರ್ಡ್ ಸುರುಳಿ. ಸುಕ್ಕು ಹೋಗುವಷ್ಟು ಬಿಗಿ ಸಾಕು.

ಸಂಜೆ ಆಫ್ ಮಾಡುವಾಗ ಪ್ರೆಶರ್ ಎತ್ತಿ, ಹೀಟರ್ ಮಾತ್ರ ಆರಿಸಿ, ತಣ್ಣಗಾಗುವ ತನಕ ರೋಲರ್ ತಿರುಗಲಿ. ಬಿಸಿಯಲ್ಲೇ ಒತ್ತಿ ನಿಲ್ಲಿಸಿದರೆ ರಬ್ಬರ್ ಒಂದು ಕಡೆ ಚಪ್ಪಟೆಯಾಗುತ್ತದೆ.

ನಾಳೆ 110ರಲ್ಲೇ, ಒಣ ಕಾಗದದಲ್ಲಿ ಐದೇ ಐದು ಹಾಳೆ ಬಿಡಿ. ತಕ್ಷಣ ಕಟಿಂಗ್ ಮಾಡಬೇಡಿ, ಒಂದು ರಾತ್ರಿ ಇಡಿ. ಆಮೇಲೆ ಮೂಲೆಯಿಂದ ಫಿಲ್ಮ್ ಕೀಳಿ. ಕಾಗದದ ನಾರು ಜೊತೆಗೆ ಬಂದರೆ ಸರಿ ಹಿಡಿದಿದೆ. ಫಿಲ್ಮ್ ಸಲೀಸಾಗಿ ಎದ್ದು ಬಂದರೆ ಅದರ ಫೋಟೋ ಇಲ್ಲೇ ಹಾಕಿ, ಯಾವ ಮಷೀನಿನ ಪ್ರಿಂಟ್ ಎಂದೂ ಬರೆಯಿರಿ.